ಹನ್ನೊಂದು ದೋಣಿ, ಹತ್ತು ಪಟ

"ಇಳಿಯಲ್ಲ," ಅಂದಳು ಅಕ್ಕಯಮ್ಮ. "ಕೊಡಲಿ ತಂದೋನು ಮೊದಲು ನನ್ನ ಕಾಲು ಕಡೀಲಿ. ಹಲಗೆ ಆಮೇಲೆ."

ಲಕ್ಕೂರು ಕೆರೆಯ ಅಂಚಿನಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಅವಳ ದೋಣಿ ಮೆಲ್ಲಗೆ ಅಲ್ಲಾಡುತ್ತಿತ್ತು. ಸೀರೆಯನ್ನು ಎತ್ತಿ ನಡುವಿಗೆ ಸಿಕ್ಕಿಸಿಕೊಂಡು, ಎಪ್ಪತ್ತು ದಾಟಿದ ಮುದುಕಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ದಡದಲ್ಲಿ ಮೀನಿನ ಗುತ್ತಿಗೆದಾರ ಚನ್ನರಾಯಪ್ಪನ ಇಬ್ಬರು ಆಳುಗಳು ಕೊಡಲಿ ಹಿಡಿದು ನಿಂತಿದ್ದರು. ನಿಂತು ನಿಂತು ಅವರಿಗೇ ನಾಚಿಕೆಯಾಗಿತ್ತು.

ಏರಿ ಇಳಿದು ಬಂದ ಸುಬ್ಬರಾಯಪ್ಪನವರು ಛತ್ರಿ ಮಡಚಿದರು. ಪೊಲೀಸಿನಲ್ಲಿ ಮೂವತ್ತು ವರ್ಷ ದುಡಿದು ದಫೇದಾರರಾಗಿ ನಿವೃತ್ತರಾದವರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಗಡುವು ನಾಳೆ ಸಂಜೆ ಅಲ್ವೇನಪ್ಪ? ಇವತ್ತೇ ಯಾಕೆ ಬಂದ್ರಿ?"

"ಯಜಮಾನ್ರು ನೋಡ್ಕೊಂಡು ಬನ್ನಿ ಅಂದ್ರು."

"ನೋಡಿದ್ರಲ್ಲ. ಆ ಹೊಂಗೆ ಮರದ ಕೆಳಗೆ ಹೋಗಿ ಕೂತ್ಕೊಳಿ. ಬಿಸಿಲಿದೆ."

ಆಳುಗಳು ಹೋದರು. ಗದರಿದ್ದರೆ ಹೋಗುತ್ತಿರಲಿಲ್ಲವೋ ಏನೋ.

ಹೋಳೂರಿನ ಕೆರೆಯಲ್ಲಿ ಬೆಸ್ತರ ಕದಿರೇಶ ಮುಳುಗಿ ಸತ್ತು ಇಂದಿಗೆ ಹದಿನೇಳು ದಿನ. ಹಲಗೆ ಸೀಳಿ ದೋಣಿ ಒಡೆದಿತ್ತು. ಅದನ್ನು ಕಟ್ಟಿದವನು ಹೋಳೂರು ಏರಿಯ ಕೆಳಗೆ ದೋಣಿಯ ಕೊಟ್ಟಿಗೆ ಇಟ್ಟುಕೊಂಡಿರುವ ಅಜ್ಮತುಲ್ಲಾ. ಅವನ ಕೊಟ್ಟಿಗೆಯಲ್ಲಿ ತಯಾರಾದ ದೋಣಿಗಳೆಲ್ಲ ಅಪಾಯ, ಒಡೆದು ಹಾಕಬೇಕು, ಕೊಟ್ಟಿಗೆಗೆ ಬೀಗ ಹಾಕಬೇಕು ಎಂದು ಚನ್ನರಾಯಪ್ಪ ಅರ್ಜಿ ಕೊಟ್ಟಿದ್ದ. ಕೋಲಾರದಲ್ಲಿ ಕೆರೆಗಳ ಉಸ್ತುವಾರಿ ನೋಡುವ ಅಧಿಕಾರಿ, ಜನರ ಬಾಯಲ್ಲಿ ಕೆರೆ ಸಾಹೇಬರು, ಹುಕುಂ ಹೊರಡಿಸಿದ್ದರು. ಸುಬ್ಬರಾಯಪ್ಪನವರು ಹೋಗಿ ಅಡ್ಡ ನಿಂತಾಗ ಸಾಹೇಬರು ಒಂದು ಷರತ್ತು ಹಾಕಿದರು. ಉಳಿದಿರುವ ಪ್ರತಿ ದೋಣಿಯೂ ಒಂಬತ್ತು ಜನರನ್ನು ಹೊತ್ತು ನೀರಿನಲ್ಲಿ ತೇಲುವುದನ್ನು ಕ್ಯಾಮೆರಾದಲ್ಲಿ ಪಟ ಹಿಡಿದು ತನ್ನಿ. ಪಟ ಇರುವ ದೋಣಿ ಉಳಿಯುತ್ತದೆ, ಇಲ್ಲದ್ದು ಸೌದೆ.

ಕೆಡುವ ದೋಣಿಗಳು ಕೆಟ್ಟು, ಮೂರು ತಾಲ್ಲೂಕಿನಲ್ಲಿ ಉಳಿದಿದ್ದವು ಹನ್ನೊಂದು. ಹತ್ತರ ಪಟ ಆಗಿತ್ತು. ಇದು ಕೊನೆಯದು.

"ದಫೇದಾರ್ ಸಾಬ್, ಪ್ಲೇಟೂ ಕೊನೇದೇ," ಅಂದ ಓಬೇದುಲ್ಲಾ, ಮೂರು ಕಾಲಿನ ಸ್ಟ್ಯಾಂಡನ್ನು ಏರಿಯ ಮೇಲೆ ಊರುತ್ತ. ಮುಳಬಾಗಿಲಿನಲ್ಲಿ ಅವನದೊಂದು ಸಣ್ಣ ಸ್ಟುಡಿಯೋ. "ಯುದ್ಧ ಶುರುವಾದ ಮೇಲೆ ಮದ್ರಾಸಿಂದ ಗಾಜಿನ ಪ್ಲೇಟೇ ಬರ್ತಿಲ್ಲ. ಇದು ಕೆಟ್ರೆ ಇನ್ನೊಂದಿಲ್ಲ. ಅಜ್ಜೀಗೆ ಅಲ್ಲಾಡಬೇಡ ಅನ್ನಿ."

"ಅಲ್ಲಾಡೋದು ನಾನಲ್ಲ ಕಣೋ, ನೀರು," ಅಂದಳು ಅಕ್ಕಯಮ್ಮ. "ಹೋಗಿ ನೀರಿಗೆ ಹೇಳು."

ಹಿಪ್ಪುನೇರಳೆ ತೋಟದಿಂದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಹತ್ತು ಕೆರೆಗಳಲ್ಲೂ ಹೀಗೇ ಆಗಿತ್ತು. ಗಂಡಸರು ಹುಕುಮಿಗೆ ಹೆದರಿ ಹಿಂದೆ ನಿಂತರೆ, ಹೆಂಗಸರು ಹುಲ್ಲಿನ ಹೊರೆ ಇಳಿಸಿ, ನೆರಿಗೆ ಎತ್ತಿ, ದೋಣಿ ಹತ್ತಿ ನಿಂತಿದ್ದರು. ನೀರಿನ ಮೇಲೆ ಸಾಲಾಗಿ ನಿಂತ ಆ ಮುಖಗಳನ್ನು ನೋಡಿದಾಗ ಸುಬ್ಬರಾಯಪ್ಪನವರ ಕೈ ತಾನಾಗಿ ಮುಗಿಯುತ್ತಿತ್ತು. ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಮುಗಿಯುವ ಹಾಗೆ.

ಹೆಂಗಸರು ಸೇರುವವರೆಗೆ ಅವರು ದೋಣಿಯ ಮೂತಿಯ ಬಳಿ ನೀರಿನಲ್ಲಿ ನಿಂತು ಹಲಗೆ ಸವರುತ್ತಿದ್ದರು. ಅಜ್ಮತುಲ್ಲಾ ಕಬ್ಬಿಣದ ಮೊಳೆ ಬಳಸುವವನಲ್ಲ. ಹಲಗೆಗೆ ಹಲಗೆ ಕೂಡಿಸುವುದೆಲ್ಲ ಮರದ ಮೊಳೆಯಲ್ಲಿ. ತಲೆ ಎಲ್ಲಿದೆ ಎಂದು ಬೆರಳಿಗೂ ಸಿಗದಷ್ಟು ನಯವಾಗಿ ಕೂತಿದ್ದವು.

ಒಂದನ್ನು ಬಿಟ್ಟು. ಮೂತಿಯ ಒಳಮೈಯಲ್ಲಿ, ಎಲ್ಲಕ್ಕೂ ಮೇಲಿನ ಮೊಳೆಯ ತಲೆ ಜಜ್ಜಿ ಹೋಗಿ ಹೂವಿನ ಹಾಗೆ ಅರಳಿತ್ತು. ಪಕ್ಕದ ಹಲಗೆಯ ಮೇಲೆ ಎರಡು ಗುಳಿ.

"ಇದೇನಮ್ಮ? ಇಷ್ಟು ನಾಜೂಕಿನ ಕೆಲಸದಲ್ಲಿ ಇದೊಂದು ಹೀಗಿದೆಯಲ್ಲ."

ಅಕ್ಕಯಮ್ಮ ನಕ್ಕಳು. "ಅದು ಸಾಬರ ಕೆಲಸ ಅಲ್ಲಪ್ಪ. ನನ್ನದು."

"ನಿಮ್ಮದಾ?"

"ಕೊಟ್ಟಿಗೆಯಿಂದ ದೋಣಿ ಹೊರಡೋ ದಿನ ಸಾಬರು ಒಂದು ಮೊಳೆ ಉಳಿಸಿರ್ತಾರೆ. ಕೊಂಡೋನ ಹೆಂಡತಿ ಹೋಗ್ಬೇಕು, ಮನೇಲಿ ಖಾರ ಅರೆಯೋ ಗುಂಡುಕಲ್ಲು ತಗೊಂಡು. ಅವಳೇ ಹೊಡೀಬೇಕು. ಹೆಂಡತಿ ಇಲ್ದಿದ್ರೆ ತಾಯಿ. ಸಾಬರ ತಾತ ಮಾಡಿದ ಕಟ್ಟಳೆ ಅದು."

"ಯಾಕೆ?"

"ನೀರಿಗೆ ಹೋಗೋನು ಅವನು. ದಡದಲ್ಲಿ ಕಾಯೋಳು ನಾನು. ಕಾಯೋಳದ್ದೂ ಒಂದು ಏಟು ದೋಣೀಲಿ ಇರಲಿ ಅಂತ." ಮುದುಕಿ ಬೆರಳಿನಿಂದ ಗುಳಿ ಮುಟ್ಟಿದಳು. "ಎರಡು ಸಲ ತಪ್ಪಿ ಹಲಗೆಗೆ ಬಿತ್ತು. ನನ್ನ ಗಂಡ ಊರೆಲ್ಲ ಹೇಳ್ಕೊಂಡು ನಕ್ಕ. ಈಗ ಅವನಿಲ್ಲ, ಗುಳಿ ಐತೆ."

ಸುಬ್ಬರಾಯಪ್ಪನವರು ತಮ್ಮ ಬೆರಳನ್ನೂ ಆ ಗುಳಿಗೆ ಇಟ್ಟು ನೋಡಿದರು. ಕೆರೆಯ ಮೇಲೆ ಒಂದು ಮಿಂಚುಳ್ಳಿ ಎರಗಿ ಎದ್ದಿತು.

"ಕದಿರೇಶನ ಹೆಂಡತಿ ಕದಿರಮ್ಮನೂ ಹೊಡೆದಿದ್ದಳಾ?"

"ಹೊಡೀದೆ? ನನ್ನ ತಂಗಿ ಮಗಳೇ ಅವಳು. ಆರು ವರ್ಷದ ಹಿಂದೆ ನಾನೇ ಜೊತೆಗೆ ಹೋಗಿದ್ದೆ. ಎಡಚಿ ಅವಳು. ಮೂರು ಸಲ ತಪ್ಪಿದ್ಲು."

ಒಡೆದ ದೋಣಿಯನ್ನು ಸುಬ್ಬರಾಯಪ್ಪನವರು ನೋಡಿದ್ದು ಒಂದೇ ಸಲ, ಪಂಚನಾಮೆಯ ದಿನ, ಹತ್ತು ಜನರ ನಡುವೆ ನುಗ್ಗಿ. ಅವತ್ತಿನಿಂದ ಅದು ಚನ್ನರಾಯಪ್ಪನ ಷೆಡ್ಡಿನಲ್ಲಿ ಗೋಣಿ ಹೊದ್ದು ಮಲಗಿತ್ತು. ಅಜ್ಮತುಲ್ಲಾನನ್ನೂ ಹತ್ತಿರ ಬಿಟ್ಟಿರಲಿಲ್ಲ. ಅವರು ಕಣ್ಣು ಮುಚ್ಚಿ ಆ ದಿನವನ್ನು ಮತ್ತೆ ಎದುರಿಗೆ ತಂದುಕೊಂಡರು. ಸೀಳಿದ ತಳ. ಮಣ್ಣು ಮೆತ್ತಿದ ಮೂತಿ. ಆ ಮೂತಿಯ ಒಳಗೆ ಕೈಯಾಡಿಸಿದ್ದು ನೆನಪಾಯಿತು. ನಯವಾಗಿತ್ತು. ಎಲ್ಲಿಯೂ ಬೆರಳು ತಡೆದಿರಲಿಲ್ಲ.

"ಓಬೇದುಲ್ಲಾ, ಕ್ಯಾಮೆರಾ ಕೆಳಗೆ ತಗೊಂಡು ಬಾ."

"ಕೆಳಗಿಂದ ಒಂಬತ್ತು ಜನ ಹಿಡಿಸಲ್ಲ, ಜನಾಬ್."

"ಜನ ಬೇಡ. ಈ ಮೊಳೆ ಬೇಕು. ಹತ್ತಿರದಿಂದ."

ಓಬೇದುಲ್ಲಾ ಕರಿಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದ. "ಪ್ಲೇಟು ಒಂದೇ ಇರೋದು. ಮೊಳೆ ಹಿಡಿದ್ರೆ ಅಜ್ಜಿ ದೋಣಿಗೆ ಪಟ ಇರಲ್ಲ. ನಾಳೆ ಸಂಜೆ ಅವರು..." ಅವನು ಹೊಂಗೆ ಮರದ ಕಡೆ ನೋಡಿದ.

ಸುಬ್ಬರಾಯಪ್ಪನವರಿಗೂ ಅದು ಗೊತ್ತಿತ್ತು. ಕೊಟ್ಟಿಗೆ ಉಳಿಸಲು ಈ ದೋಣಿಯನ್ನು ಕೊಡುವ ಅಧಿಕಾರ ತಮಗೆ ಯಾರು ಕೊಟ್ಟರು? ಅವರು ಮುದುಕಿಯ ಮುಖ ನೋಡಿದರು.

ಅಕ್ಕಯಮ್ಮನೇ ಕೇಳಿದಳು. "ಈ ಮೊಳೆ ತೋರಿಸಿದ್ರೆ ಸಾಬರ ಕೊಟ್ಟಿಗೆ ಉಳಿಯುತ್ತಾ?"

"ಉಳಿಯಬಹುದು."

"ಹಿಡೀರಿ ಮತ್ತೆ. ನನ್ನ ದೋಣಿಗೆ ಪಟ ಯಾಕೆ, ನಾನಿದ್ದೀನಲ್ಲ. ನಾಳೆ ಸಂಜೆ ಇಲ್ಲೇ ಕೂತಿರ್ತೀನಿ. ನಾಡಿದ್ದೂ ಕೂತಿರ್ತೀನಿ." ಅವಳು ಮರದ ಕಡೆ ತಿರುಗಿ ಕೂಗಿದಳು. "ಏಯ್ ಅಬ್ಬಾಯಿಗಳಾ, ನಾಳೆ ಬರೋವಾಗ ಎಲೆ ಅಡಿಕೆ ತಗೊಂಡು ಬನ್ರೋ. ಸುಮ್ನೆ ಕೂತ್ಕೊಳೋಕೆ ಬೇಜಾರು."

ಓಬೇದುಲ್ಲಾ ಬಿಸ್ಮಿಲ್ಲಾ ಎಂದು ಮೆಲ್ಲಗೆ ಅಂದು ಲೆನ್ಸಿನ ಮುಚ್ಚಳ ತೆಗೆದ.

*

ಶುಕ್ರವಾರ ಬೆಳಗ್ಗೆ ಮುಳಬಾಗಿಲಿನಲ್ಲಿ, ಓಬೇದುಲ್ಲಾನ ಅಂಗಳದ ಬಿಸಿಲಿಗೆ ಚೌಕಟ್ಟು ಒಡ್ಡಿ ಪಟಗಳನ್ನು ಅಚ್ಚಿಳಿಸಿದರು. ಭಗವಂತ ಪುಕ್ಕಟೆ ಕೊಡುವ ಬೆಳಕು. ಅದು ಕಾಗದದ ಮೇಲೆ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿ ದೋಣಿಯಾಗುವುದನ್ನು ಸುಬ್ಬರಾಯಪ್ಪನವರು ಕುರುಡುಮಲೆಯ ಗಣಪನನ್ನು ನೆನೆಯುತ್ತ ನೋಡಿದರು.

ಆಮೇಲೆ ಗೆರೆ ಹಾಕಿ ಓದುವವರ ಹಾಗೆ, ಭೂತಗನ್ನಡಿ ಹಿಡಿದು ಒಂದೊಂದೇ ಪಟದ ಮೇಲೆ ಬಗ್ಗಿದರು. ಏರಿಯ ಮೇಲಿನಿಂದ ತೆಗೆದ ಪಟಗಳಾದ್ದರಿಂದ ದೋಣಿಗಳ ಒಳಮೈ ಕಾಣುತ್ತಿತ್ತು. ಹುತ್ತೂರಿನ ದೋಣಿ. ಹೆಂಗಸರ ಕಾಲುಗಳ ನಡುವೆ, ಮೂತಿಯ ಹತ್ತಿರ, ಎಳ್ಳುಕಾಳಿನಷ್ಟು ಒಂದು ಬಿಳಿ ಚುಕ್ಕೆ. ಜಜ್ಜಿದ ಮರ ಬಿಸಿಲಿಗೆ ಹಾಗೆ ಹೊಳೆಯುತ್ತದೆ. ಶ್ರೀನಿವಾಸಪುರದ ಕಡೆಯ ಎರಡು ದೋಣಿ. ಎರಡರಲ್ಲೂ ಚುಕ್ಕೆ. ಮಾಲೂರಿನದು, ಇದೆ. ಹತ್ತಕ್ಕೆ ಹತ್ತೂ.

"ನಾನೇ ಹಿಡಿದ ಪಟ," ಅಂದ ಓಬೇದುಲ್ಲಾ. "ಹತ್ತು ದೋಣೀನೂ ಲೆನ್ಸಲ್ಲಿ ನೋಡಿದ್ದೀನಿ. ಕಾಣಲಿಲ್ಲ ನೋಡಿ."

"ನಾವಿಬ್ಬರೂ ಗಂಡಸರಲ್ಲವೇನಪ್ಪ. ನಾವು ಮೀನು ತರೋ ದೋಣಿ ನೋಡ್ತಿದ್ವಿ."

ಚುಕ್ಕೆ ಏನೆಂದು ಸಾಹೇಬರಿಗೆ ತೋರಿಸಲು ಲಕ್ಕೂರಿನ ಪಟವಿತ್ತು. ಅದರಲ್ಲಿ ಜಜ್ಜಿದ ಮೊಳೆ ನಾಣ್ಯದಷ್ಟು ದೊಡ್ಡದಾಗಿ, ಪಕ್ಕದ ಎರಡು ಗುಳಿಗಳ ಜೊತೆ, ಮುಟ್ಟಿದರೆ ಬೆರಳಿಗೆ ತಡೆಯುವುದೇನೋ ಎಂಬಷ್ಟು ಸ್ಪಷ್ಟವಾಗಿ ಬಂದಿತ್ತು.

*

ಜುಮ್ಮಾ ನಮಾಜು ಮುಗಿದು ಅಜ್ಮತುಲ್ಲಾ ಬರುವ ಹೊತ್ತಿಗೆ ಕೋಲಾರದ ಕಚೇರಿಯ ಅಂಗಳದಲ್ಲಿ ಜನ ಸೇರಿದ್ದರು. ಒಡೆದ ದೋಣಿಯನ್ನು ಚನ್ನರಾಯಪ್ಪ ಗಾಡಿಯ ಮೇಲೆ ಹೇರಿಸಿ ತಂದಿದ್ದ. ಗೋಣಿ ಇನ್ನೂ ತೆಗೆದಿರಲಿಲ್ಲ. ಅರ್ಜಿಗೆ ಆಧಾರ ಅದೇ.

ಜಗಲಿಯ ಮೇಲೆ ಕೆರೆ ಸಾಹೇಬರ ಮೇಜು. ಮುಂದೆ ಹನ್ನೊಂದು ಪಟ.

"ಮರದ ಮೊಳೆ ತೋರಿಸಿ ಸರ್ಕಾರದ ಹುಕುಂ ರದ್ದು ಮಾಡಿಸ್ತಾರಂತೆ," ಅಂದ ಚನ್ನರಾಯಪ್ಪ. ಜರಿಪೇಟ, ಬಾಯಿ ತುಂಬ ಎಲೆ. "ದಫೇದಾರ್ರೇ, ಪೆನ್ಷನ್ ತಗೊಂಡು ಭಜನೆ ಮಾಡ್ಕೊಂಡಿರಬಾರದಾ?"

"ಭಜನೆ ಬೆಳಗ್ಗೇನೇ ಆಯ್ತು," ಅಂದರು ಸುಬ್ಬರಾಯಪ್ಪನವರು. "ಗೋಣಿ ತೆಗೆಸಿ."

"ಸತ್ತೋನ ಹೆಂಡತಿಯೇ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದಾಳೆ. ನಿಮಗೇನು ನಡುವೆ?"

ಅಂಗಳದ ಮೂಲೆಯಿಂದ ಒಂದು ದನಿ ಬಂತು. "ನಾನು ಒತ್ತಿದ್ದಲ್ಲ. ಒತ್ತಿಸಿಕೊಂಡಿದ್ದು."

ಕದಿರಮ್ಮ ಮುಂದೆ ಬಂದಳು. ಮೂವತ್ತರ ಹೆಂಗಸು. ಬರಿಗೈ, ಬರಿಹಣೆ. ಹದಿನೆಂಟು ದಿನದಿಂದ ಮನೆಯಿಂದ ಹೊರಗೆ ಬಾರದವಳು, ಬರಬಾರದು ಎಂದು ನಾಲ್ಕು ಜನ ಹೇಳಿದ ಮೇಲೂ ಹೋಳೂರಿನಿಂದ ನಡೆದೇ ಬಂದಿದ್ದಳು.

"ಹೆಣ ದಡಕ್ಕೆ ಎತ್ತಿದಾಗ ನನಗೆ ಪ್ರಜ್ಞೆ ಇರಲಿಲ್ಲ. ಕಣ್ಣು ಬಿಟ್ಟಾಗ ಬಲಗೈ ಹೆಬ್ಬೆಟ್ಟೆಲ್ಲ ಮಸಿ. ನಾನು ಎಡಚಿ ಸ್ವಾಮಿ. ಯಾವತ್ತೂ ಎಡಗೈಯೇ ಮುಂದೆ ಮಾಡೋಳು. ಯಾರು ಒತ್ತಿಸಿಕೊಂಡ್ರು ಅಂತ ಯಜಮಾನ್ರೇ ಹೇಳಲಿ."

"ವಿಧವೆ ಹೆಂಗಸು, ದುಃಖದಲ್ಲಿ ಏನೋ ಅಂತಾಳೆ," ಅಂದ ಚನ್ನರಾಯಪ್ಪ.

"ದುಃಖ ಐತೆ. ಕಣ್ಣೂ ಐತೆ. ಗೋಣಿ ತೆಗೀರಿ, ನಾನೇ ತೋರಿಸ್ತೀನಿ."

ಸಾಹೇಬರು ತಲೆಯಾಡಿಸಿದರು. ಜವಾನ ಗೋಣಿ ಎಳೆದ.

ಕದಿರಮ್ಮ ಗಾಡಿಯ ಹತ್ತಿರ ಹೋಗಿ ಮೂತಿಯೊಳಗೆ ಎಡಗೈ ಇಟ್ಟಳು. ಅವಳ ಬೆರಳು ಕತ್ತಲೆಯಲ್ಲಿ ಏನನ್ನೋ ಹುಡುಕುವ ಹಾಗೆ ಹಲಗೆಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

"ಇಲ್ಲ," ಅಂದಳು. "ನನ್ನ ಏಟು ಇದರಲ್ಲಿಲ್ಲ. ಹಲಗೇಲಿ ಮೂರು ಗುಳಿ ಇರಬೇಕು. ಇಲ್ಲ. ಇದು ನಮ್ಮ ದೋಣಿ ಅಲ್ಲ."

ಸುಬ್ಬರಾಯಪ್ಪನವರು ಲಕ್ಕೂರಿನ ಪಟವನ್ನು ಸಾಹೇಬರ ಕೈಗಿತ್ತರು, ಉಳಿದ ಹತ್ತನ್ನೂ ಭೂತಗನ್ನಡಿಯೊಂದಿಗೆ ಮುಂದೆ ಸರಿಸಿದರು. ಕಟ್ಟಳೆಯನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಸಾಹೇಬರು ಒಂದೊಂದೇ ಪಟ ನೋಡಿದರು. ಆಮೇಲೆ ಎದ್ದು ಬಂದು ತಾವೇ ಮೂತಿಯೊಳಗೆ ಕೈಯಾಡಿಸಿದರು. ಬೆರಳಿಗೆ ಹತ್ತಿದ ಒಣ ಕೆಸರನ್ನು ಒರೆಸಿಕೊಳ್ಳುತ್ತ ಚನ್ನರಾಯಪ್ಪನನ್ನು ನೋಡಿದರು.

"ನಲವತ್ತು ವರ್ಷದಿಂದ ಅಜ್ಮತುಲ್ಲಾನ ಕೊಟ್ಟಿಗೆಯ ಪ್ರತಿ ದೋಣಿಗೂ ಇರುವ ಗುರುತು ಇದಕ್ಕಿಲ್ಲ. ಇದು ಯಾವ ದೋಣಿ, ಚನ್ನರಾಯಪ್ಪ?"

"ನಂಗೇನು ಗೊತ್ತು ಸ್ವಾಮಿ. ನೀರಲ್ಲಿ ಸಿಕ್ತು, ತಂದಿಟ್ಟೆ." ಎಲೆ ಅಗಿಯುವುದು ನಿಂತಿತ್ತು. "ಹದಿನೆಂಟು ದಿನ ಕಾದಿದ್ದೀನಿ, ಇನ್ನೊಂದು ದಿನ..."

"ಎಲ್ಲಾ ಕೆರೇಲೂ ನಿಮ್ಮ ದೋಣಿ ಮಾತ್ರ ಓಡೋ ದಿನಕ್ಕೆ ಕಾದಿದ್ರಿ," ಅಂದಳು ಕದಿರಮ್ಮ. "ಕಾಯ್ತಾ ಇರಿ."

ಜನ ನಕ್ಕರು. ಓಬೇದುಲ್ಲಾ ಸುಬ್ಬರಾಯಪ್ಪನವರ ಮೊಣಕೈ ಒತ್ತಿದ. ಸಾಹೇಬರು ಕುರ್ಚಿಗೆ ಹಿಂತಿರುಗಿ ಮಸಿಕುಡಿಕೆಯ ಮುಚ್ಚಳ ತೆಗೆದರು. ಹುಕುಂ ರದ್ದು ಎಂದು ಬರೆಯತೊಡಗಿದ್ದು ಹತ್ತಿರದವರಿಗೆಲ್ಲ ಕಾಣಿಸಿತು.

"ಒಂದೇ ಒಂದು ಉಳಿದಿದೆ," ಅಂದರು, ತಲೆ ಎತ್ತದೆ. "ಅಜ್ಮತುಲ್ಲಾ ಅವರೇ, ಬನ್ನಿ. ದೋಣಿ ನೋಡಿ. ಇದು ನನ್ನ ಕೆಲಸ ಅಲ್ಲ ಅಂತ ದೇವರ ಮೇಲೆ ಪ್ರಮಾಣ ಮಾಡಿ ಹೇಳಿಬಿಡಿ. ಸಹಿ ಹಾಕ್ತೀನಿ."

ಅಜ್ಮತುಲ್ಲಾ ಬಂದ. ಬಿಳಿ ಗಡ್ಡ, ತಲೆಗೆ ನಮಾಜಿನ ಟೋಪಿ. ಹಸ್ತಗಳು ಉಳಿ ಹಿಡಿದು ಹಿಡಿದು ಬಿಚ್ಚಿದರೂ ಪೂರ್ತಿ ಬಿಚ್ಚುತ್ತಿರಲಿಲ್ಲ. ಹದಿನೆಂಟು ದಿನದಲ್ಲಿ ಈ ದೋಣಿಯನ್ನು ಅವನು ನೋಡುತ್ತಿರುವುದು ಇದೇ ಮೊದಲು. ಮೂತಿ ಮುಟ್ಟಿದ. ಪಕ್ಕಕ್ಕೆ ಬಂದು ಬಗ್ಗಿ ತಳದ ಸೀಳು ನೋಡಿದ. ಹಾಗೆಯೇ ಬಗ್ಗಿ ನಿಂತ. ಎಷ್ಟು ಹೊತ್ತು ನಿಂತನೆಂದರೆ, ಅವನಿಗೆ ಸೊಂಟ ಹಿಡಿಯಿತೇನೋ ಎಂದು ಜವಾನ ಕೈ ಕೊಡಲು ಹೋದ.

"ಹೇಳಿ ಚಾಚಾ," ಅಂದ ಓಬೇದುಲ್ಲಾ. "ಅಲ್ಲ ಅಂದ್ಬಿಡಿ. ಮುಗೀತು."

ಮುದುಕ ನೆಟ್ಟಗಾದ.

"ಇದು ನಾನೇ ಕಟ್ಟಿದ್ದು, ಸಾಹೇಬ್ರೇ."

ಸಾಹೇಬರ ಲೇಖನಿ ನಿಂತಿತು.

"ಚಾಚಾ, ಏನಂತಿದ್ದೀರಿ, ನಿಮಗೆ ಅರ್ಥ ಆಗ್ತಿದೆಯಾ?"

"ಈಗ ತಾನೇ ಅಲ್ಲಾಹುವಿನ ಮುಂದೆ ಹಣೆ ಹಚ್ಚಿ ಬಂದಿದ್ದೀನಿ ಕಣೋ. ಕೊಟ್ಟಿಗೆ ಹೋದ್ರೆ ಹೋಗ್ಲಿ. ನನ್ನ ಕೈಯ ಕೆಲಸಾನ ನನ್ನದಲ್ಲ ಅನ್ನಲ್ಲ." ಅವನು ಹಲಗೆಯ ಮೇಲೆ ಅಂಗೈ ಇಟ್ಟ. "ಇದು ಕದಿರೇಶ ಮಾಡಿಸಿಕೊಂಡ ಎರಡನೇ ದೋಣಿ. ಸಾಯೋ ಒಂದು ತಿಂಗಳ ಮುಂಚೆ ಬಂದ. ಹಳೇ ದೋಣಿ ಒಡೆದ ಹಲಗೆ ಎಲ್ಲಿಂದಲೋ ಗಾಡೀಲಿ ತಂದಿದ್ದ. ಇದರಲ್ಲೇ ಕಟ್ಟಿ, ನೋಡಿದ್ರೆ ಹಳೇದೇ ಅನ್ನಿಸಬೇಕು ಅಂದ. ಹಳೇ ಹಲಗೇಲಿ ಹೊಸ ದೋಣಿ ಕಟ್ಟಬಾರದು ಅಂತ ನಮ್ಮಪ್ಪ ಹೇಳಿದ್ರು. ಆದ್ರೂ ಕಟ್ಟಿದೆ. ಕೊನೇ ಮೊಳೇನೂ ನಾನೇ ಹೊಡೆದೆ. ಎರಡೂ ತಪ್ಪು ನನ್ನದೇ."

ಕದಿರಮ್ಮ ಗಾಡಿಯ ಚಕ್ರ ಹಿಡಿದುಕೊಂಡಳು. "ನಮಗೆ ಎರಡು ದೋಣಿ ಯಾಕೆ, ಸಾಬ್ರೇ?"

"ನಾನೂ ಕೇಳಿದೆ ತಾಯಿ. ಒಳ್ಳೇ ದೋಣಿ ಒಬ್ಬರಿಗೆ ಕೊಡಬೇಕು, ಕೊಡದಿದ್ರೆ ನನ್ನ ಬಿಡಲ್ಲ ಅಂದ. ಕದಿರಮ್ಮನಿಗೆ ಗೊತ್ತಾದ್ರೆ ಅವಳು ಹೋಗಿ ಜಗಳ ಆಡ್ತಾಳೆ, ದಡದಲ್ಲಿ ನಿಂತು ನೋಡಿದಾಗ ಇದನ್ನೇ ಅದು ಅಂದ್ಕೊಳ್ಳಲಿ, ಅದಕ್ಕೇ ಈ ದೋಣಿ ಅಂದ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಒಡೆದದ್ದು ಇದು ಅಂತ ಇವತ್ತೇ ಕಂಡಿದ್ದು."

ಸುಬ್ಬರಾಯಪ್ಪನವರು ಜಗಲಿಯಿಂದ ಇಳಿದು ಬಂದರು. ಮೂವತ್ತು ವರ್ಷ ಜನರಿಂದ ಉತ್ತರ ಪಡೆದ ಮೃದುವಾದ ದನಿಯಲ್ಲೇ ಕೇಳಿದರು. "ಹೆದರಬೇಡಿ. ಯಾರಿಗೆ ಕೊಡಬೇಕು ಅಂದ?"

ಅಜ್ಮತುಲ್ಲಾ ಅವರನ್ನು ವಿಚಿತ್ರವಾಗಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮರುಕವಿದ್ದಂತಿತ್ತು.

"ನೀವೇ ಕೇಳ್ತೀರಲ್ಲ, ಸಾಬ್. ನಾಲ್ಕು ಜನದ ಮುಂದೆ ಹೇಳಬಾರದು ಅಂತ ಸುಮ್ಮನಿದ್ದೆ. ಊರೂರು ಅಲೆದು ಪಟ ಹಿಡಿಸಿದ್ರಿ, ಆ ದೋಣಿ ಋಣ ತೀರಿಸೋಕೇ ಇರಬೇಕು ಅಂದ್ಕೊಂಡಿದ್ದೆ." ಅವನು ಟೋಪಿ ಸರಿಮಾಡಿಕೊಂಡ. "ದಫೇದಾರ್ ಸುಬ್ಬರಾಯಪ್ಪನವರಿಗೆ ಅಂದ. ನಿಮ್ಮ ಹೆಸರು ಹಾಕಿದ ಚೀಟಿ ತೋರಿಸಿದ."

ಕದಿರೇಶನನ್ನು ಸುಬ್ಬರಾಯಪ್ಪನವರು ಬದುಕಿದ್ದಾಗ ಒಂದು ಸಲವೂ ನೋಡಿರಲಿಲ್ಲ, ಅಂಥ ಚೀಟಿ ಬರೆದವರೂ ಅವರಲ್ಲ. ಅದನ್ನು ಹೇಳಲು ಬಾಯಿ ತೆರೆದರು. ಸುತ್ತ ನಿಂತವರ ಮುಖ ನೋಡಿ, ಈಗ ಆ ಮಾತು ಹೇಗೆ ಕೇಳಿಸುತ್ತದೆ ಎಂಬುದು ಅವರಿಗೇ ಹೊಳೆಯಿತು.

ಚನ್ನರಾಯಪ್ಪ ಮತ್ತೆ ಎಲೆ ಅಗಿಯತೊಡಗಿದ. ಸಾಹೇಬರು ಅರ್ಧ ಬರೆದ ಕಾಗದವನ್ನು ನಾಲ್ಕು ಮಡಿಕೆ ಮಡಚಿ ಪಟಗಳ ಕೆಳಗೆ ಇಟ್ಟರು. ಹೊತ್ತು ಮುಳುಗಿ ಗಡುವು ಮುಗಿಯಲು ಎರಡು ಗಂಟೆಯೂ ಉಳಿದಿರಲಿಲ್ಲ.

ಕದಿರಮ್ಮ ಚಕ್ರ ಬಿಟ್ಟು ನಡೆದು ಬಂದಳು. ಅವಳಿಗೆ ದಾರಿ ಬಿಡಲು ಜನ ಎರಡೂ ಕಡೆ ಸರಿದರು. ಸುಬ್ಬರಾಯಪ್ಪನವರ ಎದುರಿಗೆ, ಕೈಯಳತೆಯಲ್ಲಿ ನಿಂತಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಅಣ್ಣಾ, ನನ್ನ ದೋಣಿ ಎಲ್ಲಿಟ್ಟಿದ್ದೀಯ?"